ಹಿತ್ತಿಲ ಬಾಗಿಲಿಗೆ ಅಗಳಿ ಹಾಕುವ ಹೊತ್ತು

2023ರ ನವೆಂಬರ್‌ನಲ್ಲಿ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ ಭಾರತೀಯ ನ್ಯಾಯ ಸಂಹಿತೆಯ ಕರಡನ್ನು ಪರಿಶೀಲಿಸಿ ವರದಿ ಕೊಟ್ಟಿತು. ಹಾದರವನ್ನು ಮತ್ತೆ ಅಪರಾಧವಾಗಿಸಿ, ಈ ಸಲ ಗಂಡಸಿಗಷ್ಟೇ ಅಲ್ಲ, ಹೆಂಗಸಿಗೂ ತಾಗುವಂತೆ ಬರೆಯಿರಿ ಎಂಬ ಸಲಹೆ ಅದರಲ್ಲಿತ್ತು. ಮದುವೆ ಎಂಬ ಸಂಸ್ಥೆ ಪವಿತ್ರ, ಅದನ್ನು ಕಾಯಬೇಕು ಎಂಬುದು ಸಮಿತಿ ಕೊಟ್ಟ ಕಾರಣ. ಸದಸ್ಯರಾಗಿದ್ದ ಪಿ. ಚಿದಂಬರಂ ಭಿನ್ನಮತ ಬರೆದರು. ಸರ್ಕಾರ ಸಲಹೆಯನ್ನು ಕೈಬಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಹಾದರದ ಕಲಂ ಇಲ್ಲ. ಅಲ್ಲಿಗೆ ಕತೆ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ನನಗೆ ಆ ನಂಬಿಕೆ ಇಲ್ಲ.

ಇಂಥ ಸಲಹೆಗಳು ಕಡತದೊಳಗೆ ಕೂತು ತಮ್ಮ ಗಳಿಗೆಗೆ ಕಾಯುತ್ತವೆ. ಎಲ್ಲೋ ಒಂದು ಕೊಲೆ, ಎಲ್ಲೋ ಒಂದು ಆತ್ಮಹತ್ಯೆ, ಅದರ ಸುತ್ತ ಟಿವಿಯಲ್ಲಿ ಒಂದು ವಾರದ ಗದ್ದಲ, ‘ಕಾನೂನಿನ ಭಯವೇ ಇಲ್ಲದಂತಾಯ್ತು’ ಎಂಬ ಮಾತು. ಇಷ್ಟಾದರೆ ಕಡತ ತೆರೆದುಕೊಳ್ಳುತ್ತದೆ. ಹಾಗೆ ತೆರೆದ ದಿನ ಹಾದರದ ಕಾನೂನು ಒಂಟಿಯಾಗಿ ವಾಪಸು ಬರುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ ಸಲಿಂಗ ಸಂಬಂಧದ ಶಿಕ್ಷೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತದೆ. ಮಸೂದೆ ಬಂದ ಮೇಲೆ ಕೂಗಿ ಪ್ರಯೋಜನವಿಲ್ಲ ಎಂದು ಈಗಲೇ ಬರೆಯುತ್ತಿದ್ದೇನೆ.

2018ರಲ್ಲಿ ನಡೆದದ್ದನ್ನು ಒಮ್ಮೆ ನೆನೆಯೋಣ. ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದ ತೀರ್ಪು ಬಂತು. ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಐಪಿಸಿ 377ನೇ ಕಲಂ ಅವರನ್ನು ಮುಟ್ಟುವಂತಿಲ್ಲ ಎಂದಾಯಿತು. ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದ ತೀರ್ಪು ಬಂದು, ಹಾದರದ 497ನೇ ಕಲಂ ಪೂರ್ತಿ ರದ್ದಾಯಿತು. ಎರಡೂ ಪೀಠಗಳಲ್ಲಿ ಕೂತಿದ್ದವರು ಅದೇ ಐವರು: ದೀಪಕ್ ಮಿಶ್ರಾ, ಎ. ಎಂ. ಖಾನ್ವಿಲ್ಕರ್, ಆರ್. ಎಫ್. ನರಿಮನ್, ಡಿ. ವೈ. ಚಂದ್ರಚೂಡ್, ಇಂದು ಮಲ್ಹೋತ್ರಾ. ನಡುವೆ ಇದ್ದದ್ದು 21 ದಿನ. ಎರಡೂ ತೀರ್ಪುಗಳು ನಿಂತ ನೆಲವನ್ನು ಹದ ಮಾಡಿಕೊಟ್ಟವರು ಬೆಂಗಳೂರಿನವರು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದದ್ದು. 377ರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರಲ್ಲಿ ನಮ್ಮ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯೂ ಇದ್ದರು.

ಮೂರು ವಾರದ ಅಂತರದಲ್ಲಿ ಬಂದ ತೀರ್ಪುಗಳನ್ನು ಜನ ಒಂದೇ ಗಂಟು ಮಾಡಿದರು. ನಾಗಸಂದ್ರದಿಂದ ಮೆಟ್ರೋ ಹತ್ತುವವರ ನಡುವೆಯೂ, ದಾಸರಹಳ್ಳಿಯ ದರ್ಶಿನಿಗಳ ಎದುರಿಗೂ ಈ ಮಾತು ಇವತ್ತಿಗೂ ಕೇಳಿಸುತ್ತದೆ: ‘ಅದನ್ನೂ ಬಿಟ್ರು, ಇದನ್ನೂ ಬಿಟ್ರು.’ ನಮ್ಮ ಪತ್ರಿಕೆಗಳ ಭಾಷೆಯೂ ಈ ಗಂಟಿಗೆ ಹುರಿ ಕೊಟ್ಟಿದೆ. ಅಪರಾಧ ಪುಟದಲ್ಲಿ ‘ಅನೈತಿಕ ಸಂಬಂಧ’ ಎಂಬ ಎರಡು ಪದಗಳಿವೆ. ಗಂಡ ಬೇರೆ ಸಂಸಾರ ಹೂಡಿದರೂ ಅದೇ ಪದ, ಹೆಂಡತಿ ಇನ್ನೊಬ್ಬನನ್ನು ಮೆಚ್ಚಿದರೂ ಅದೇ, ಮದುವೆಯೇ ಆಗದ ಇಬ್ಬರು ಹುಡುಗಿಯರು ಮನೆ ಬಿಟ್ಟು ಒಂದು ಕೋಣೆಯಲ್ಲಿ ಸಿಕ್ಕರೂ ಅದೇ. ಒಂದೇ ಹೆಸರಿನಿಂದ ಕರೆದದ್ದಕ್ಕೆ ಒಂದೇ ಮದ್ದು ಎಂದು ಜನ ಯೋಚಿಸಿದರೆ ಅವರದು ತಪ್ಪಲ್ಲ, ಹೆಸರಿಟ್ಟವರದು.

ರದ್ದಾದ 497 ಏನನ್ನು ಹೇಳುತ್ತಿತ್ತು ಎಂಬುದನ್ನು ಮರೆತಿದ್ದೇವೆ. ಅದು ಮದುವೆಯ ಪಾವಿತ್ರ್ಯ ಕಾಯುತ್ತಿತ್ತು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. 1860ರ ಆ ಕಲಮಿನಲ್ಲಿ ಶಿಕ್ಷೆ ಇದ್ದದ್ದು ಇನ್ನೊಬ್ಬನ ಹೆಂಡತಿಯನ್ನು ಕೂಡಿದ ಗಂಡಸಿಗೆ ಮಾತ್ರ, ಐದು ವರ್ಷದವರೆಗೆ. ದೂರು ಕೊಡಬೇಕಾದವನು ಆಕೆಯ ಗಂಡ. ಅವನು ಒಪ್ಪಿಗೆ ಕೊಟ್ಟಿದ್ದರೆ ಅಪರಾಧವೇ ಇಲ್ಲ. ದಾರಿ ತಪ್ಪಿದವನ ಹೆಂಡತಿಗೆ ದೂರು ಕೊಡುವ ಹಕ್ಕೇ ಇರಲಿಲ್ಲ. ಗಂಡ ಅವಿವಾಹಿತೆಯನ್ನೋ ವಿಧವೆಯನ್ನೋ ಇಟ್ಟುಕೊಂಡರೆ ಆ ಕಲಂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೆಂಡತಿ ಎಂಬುದು ಗಂಡನ ಆಸ್ತಿ, ಅದರ ಬೇಲಿ ಹಾರಿದವನಿಗೆ ದಂಡ ಎಂಬುದೇ ಅದರ ತಿರುಳು. ಇದನ್ನು ಸುಪ್ರೀಂ ಕೋರ್ಟ್ 1954ರಲ್ಲಿ ಎತ್ತಿಹಿಡಿಯಿತು, 1985ರಲ್ಲಿ ಮತ್ತೆ ಎತ್ತಿಹಿಡಿಯಿತು. ಎರಡನೆಯ ಸಲ ತೀರ್ಪು ಬರೆದವರು ವೈ. ವಿ. ಚಂದ್ರಚೂಡ್. 33 ವರ್ಷದ ಮೇಲೆ ಅದನ್ನು ತಪ್ಪೆಂದ ಪೀಠದಲ್ಲಿ ಅವರ ಮಗನೇ ಇದ್ದರು.

ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದವರಿಗೆ ಈ ನ್ಯಾಯ ಹೊಸದಲ್ಲ. ಅಪ್ಪಣ್ಣ ರಾತ್ರಿಯೆಲ್ಲ ಸೂಳೆಯ ಮನೆಯಲ್ಲಿ ಕಳೆಯುವುದು ಊರಿಗೆಲ್ಲ ಗೊತ್ತು. ಪಂಚಾಯ್ತಿ ಸೇರುವುದು ಮಾತ್ರ ರಾಣಿ ಬಸುರಾದಾಗ. ಹಾವಿನ ಹುತ್ತಕ್ಕೆ ಕೈ ಹಾಕಿ ಪ್ರಮಾಣ ಮಾಡಬೇಕಾದವಳು ಅವಳೊಬ್ಬಳೇ. ಜನಪದ ಕತೆಯಿಂದ ಬಂದ ಆ ಪಂಚಾಯ್ತಿಗೂ ಬ್ರಿಟಿಷರು ಬರೆದಿಟ್ಟ ಕಲಮಿಗೂ ಅಂಥ ದೂರವೇನೂ ಇರಲಿಲ್ಲ. ಆ ಯೋಚನೆಯ ತುಂಡೊಂದು ಹೊಸ ಸಂಹಿತೆಯಲ್ಲೂ ಉಳಿದಿದೆ. ಅದರ 84ನೇ ಕಲಂ ಪ್ರಕಾರ ಇನ್ನೊಬ್ಬನ ಹೆಂಡತಿ ಎಂದು ತಿಳಿದೂ ಆಕೆಯನ್ನು ಅಕ್ರಮ ಸಂಬಂಧದ ಉದ್ದೇಶದಿಂದ ಪುಸಲಾಯಿಸಿ ಕರೆದೊಯ್ದರೆ ಎರಡು ವರ್ಷದವರೆಗೆ ಸಜೆ. ಇನ್ನೊಬ್ಬಳ ಗಂಡನನ್ನು ಪುಸಲಾಯಿಸಿದರೆ ಅಂಥ ಕಲಂ ಇಲ್ಲ.

377ರ ಗುಣವೇ ಬೇರೆ. ಅಲ್ಲಿ ಮಾತು ಮುರಿದವರಿರಲಿಲ್ಲ, ಮೋಸ ಹೋದವರಿರಲಿಲ್ಲ. ಒಪ್ಪಿದ ಇಬ್ಬರ ನಡುವೆ ಮೂರನೆಯವರಾರಿಗೂ ನಷ್ಟವಾಗದೆ ನಡೆದದ್ದಕ್ಕೆ ಹತ್ತು ವರ್ಷ, ಬೇಕೆಂದರೆ ಜೀವಾವಧಿ. ಹಾದರದಲ್ಲಿ ನೊಂದವರು ನಿಜಕ್ಕೂ ಇದ್ದಾರೆ: ಮನೆಯಲ್ಲಿ ಕಾದು ಕೂತ ಹೆಂಡತಿ, ಊರಿಗೆ ದುಡ್ಡು ಕಳಿಸುತ್ತಿದ್ದ ಗಂಡ, ಏನಾಗುತ್ತಿದೆ ಎಂದು ತಿಳಿಯದ ಮಕ್ಕಳು. ಒಂದರಲ್ಲಿ ವಚನಭಂಗ ಇದೆ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡಬೇಕೆ ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ. ಜೈಲಿನ ವಿಷಯದಲ್ಲಿ ಮಾತ್ರ ಎರಡೂ ಸಮ, ಎರಡಕ್ಕೂ ಅದರ ಬಾಗಿಲು ಮುಚ್ಚಿರಬೇಕು. ಉಳಿದ ಎಲ್ಲದರಲ್ಲೂ ಬೇರೆ. ಹಾದರಕ್ಕೆ ಕೌಟುಂಬಿಕ ನ್ಯಾಯಾಲಯ ಇದೆ, ಇರಬೇಕು. ಸಲಿಂಗ ಪ್ರೀತಿಗೆ ಯಾವ ನ್ಯಾಯಾಲಯದ ವಿಚಾರಣೆಯೂ ಬೇಡ, ಬೇಕಾದದ್ದು ಮಾನ್ಯತೆ.

ಇವೆರಡೂ ಒಂದೇ ಮನೆಯಲ್ಲಿ ಎದುರಾದದ್ದನ್ನು ನಮ್ಮ ನಗರ ಕಂಡಿದೆ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕೌಶಲ್ ಪ್ರಕರಣದಲ್ಲಿ 377ಕ್ಕೆ ಮತ್ತೆ ಜೀವ ಕೊಟ್ಟಿತ್ತು. 2014ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಐಟಿ ನೌಕರರೊಬ್ಬರನ್ನು ಅದೇ ಕಲಂ ಅಡಿ ಪೊಲೀಸರು ಬಂಧಿಸಿದರು. ದೂರು ಕೊಟ್ಟವರು ಅವರ ಹೆಂಡತಿ. ವರದಿಯಾದ ಪ್ರಕಾರ, ಗಂಡ ತನ್ನಿಂದ ದೂರವೇ ಉಳಿದದ್ದು ಏಕೆಂದು ತಿಳಿಯದೆ ಕಂಗೆಟ್ಟ ಆಕೆ ಮನೆಯಲ್ಲಿ ಗುಪ್ತ ಕ್ಯಾಮೆರಾ ಇಟ್ಟಿದ್ದರು. ಗಂಡ ಇನ್ನೊಬ್ಬ ಪುರುಷನ ಜೊತೆಗಿದ್ದದ್ದು ಅದರಲ್ಲಿ ದಾಖಲಾಗಿತ್ತು.

ಈ ಪ್ರಕರಣವನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಆ ಹೆಂಡತಿಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮೋಸವಾಗಿತ್ತು. ಆದರೆ ಕಾನೂನು ಅವರ ಕೈಗೆ ಕೊಟ್ಟ ಆಯುಧ ಯಾವುದು? ಗಂಡ ಒಬ್ಬ ಹೆಂಗಸಿನ ಜೊತೆ ಸಿಕ್ಕಿದ್ದರೆ 497ರ ಅಡಿ ಹೆಂಡತಿ ಏನೂ ಮಾಡುವಂತಿರಲಿಲ್ಲ, ಠಾಣೆಯಲ್ಲಿ ‘ಕೋರ್ಟಿಗೆ ಹೋಗಮ್ಮ’ ಎಂದು ಕಳಿಸುತ್ತಿದ್ದರು. ಗಂಡಸಿನ ಜೊತೆ ಸಿಕ್ಕಿದ್ದರಿಂದ ಬಂಧನ. ಅಂದರೆ ಅವರಿಗಾದ ಮೋಸಕ್ಕೆ ಶಿಕ್ಷೆ ಆಗಲಿಲ್ಲ. ಮೋಸ ಎರಡೂ ಕಡೆ ಒಂದೇ ಇತ್ತು; ಶಿಕ್ಷೆ ಹುಡುಕಿಕೊಂಡು ಹೋದದ್ದು ಗಂಡನ ಸಲಿಂಗ ಒಲವನ್ನು. ಹೆಂಡತಿಯ ನೋವು ಪೊಲೀಸರು ಒಳಬರುವುದಕ್ಕೆ ಒಂದು ಬಾಗಿಲಾಯಿತಷ್ಟೆ. ಆಕೆಗೆ ಬೇಕಿದ್ದದ್ದು ಬೇಗ ಬಿಡುಗಡೆ, ಪರಿಹಾರ, ಮರ್ಯಾದೆಯಿಂದ ಬದುಕು ಮತ್ತೆ ಶುರು ಮಾಡುವ ಅವಕಾಶ. ಗಂಡ ಲಾಕಪ್ಪಿನಲ್ಲಿ ಕೂತದ್ದರಿಂದ ಇವುಗಳಲ್ಲಿ ಒಂದೂ ಸಿಗುವುದಿಲ್ಲ.

ಈಗ ಸ್ಥಾಯಿ ಸಮಿತಿಯ ಸಲಹೆಯನ್ನು ಈ ಮನೆಯ ಮುಂದಿಟ್ಟು ಓದಿ. ‘ಲಿಂಗ ತಟಸ್ಥ’ ಹಾದರ ಕಾನೂನು ಎಂದರೆ ಗಂಡ, ಹೆಂಡತಿ ಎಂಬ ಪದಗಳ ಜಾಗದಲ್ಲಿ ‘ಸಂಗಾತಿ’, ‘ಯಾವುದೇ ವ್ಯಕ್ತಿ’ ಎಂಬ ಪದಗಳು ಬರುತ್ತವೆ. ಇದು ನನ್ನ ಊಹೆಯಲ್ಲ. ಕರ್ನಾಟಕ ಮತ್ತು ಕೇರಳ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮವರೇ ಆದ ವಿ. ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿಯೂ ಇದನ್ನೇ ಸೂಚಿಸಿತ್ತು: ಇನ್ನೊಬ್ಬರ ಸಂಗಾತಿಯೊಡನೆ ಯಾರೇ ಲೈಂಗಿಕ ಸಂಪರ್ಕ ಇಟ್ಟುಕೊಂಡರೂ ಅದು ಹಾದರ ಎಂದು. ಹೆಂಗಸರಿಗೂ ದೂರಿನ ಹಕ್ಕು ಸಿಗಲಿ ಎಂಬ ಸಮಾನತೆಯ ಕಾಳಜಿ ಅದರಲ್ಲಿತ್ತು, ಒಪ್ಪುತ್ತೇನೆ. ಆಗ 377 ಇನ್ನೂ ಬದುಕಿದ್ದರಿಂದ ಆ ಮಾತಿನೊಳಗಿನ ಬಿರುಕು ಯಾರಿಗೂ ಕಾಣಬೇಕಿರಲಿಲ್ಲ. ಇವತ್ತು ಅದೇ ವಾಕ್ಯ ಕಾನೂನಾದರೆ 2014ರ ಆ ಗಂಡ, ಅವರ ಜೊತೆಗಿದ್ದವರು, ಇಬ್ಬರೂ ಮತ್ತೆ ಠಾಣೆಗೆ. ಕಲಮಿನ ಸಂಖ್ಯೆ ಬೇರೆ, ಹೆಸರು ಬೇರೆ. 377 ಎಂಬ ಪದವನ್ನು ಎಲ್ಲೂ ಬರೆಯದೆ ಅದರ ಕೆಲಸ ಮಾಡಿಸಿಕೊಂಡಂತೆ.

ಹಾಗಾದರೆ ಮದುವೆಯಾದ ಸಲಿಂಗಿಗಳಿಗೆ ಮಾತ್ರವಲ್ಲವೇ ತೊಂದರೆ, ಎಂದು ಯಾರಾದರೂ ಕೇಳಬಹುದು. ನಮ್ಮ ಊರುಗಳಲ್ಲಿ ಮದುವೆ ತಪ್ಪಿಸಿಕೊಂಡವರು ಎಷ್ಟು ಮಂದಿ? ಮಗ ಅಥವಾ ಮಗಳು ಬಾಯಿಬಿಟ್ಟು ಹೇಳಿದ ಮೇಲೂ ‘ಒಂದು ಮದುವೆ ಅಂತ ಮಾಡಿಬಿಟ್ರೆ ಎಲ್ಲ ಸರಿಹೋಗುತ್ತೆ’ ಎನ್ನುವ ಮನೆಗಳೇ ಹೆಚ್ಚು. ಕತೆಗಾರ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ತರುವ ತನಕ ಈ ಬದುಕಿನ ಬಗ್ಗೆ ಕನ್ನಡದಲ್ಲಿ ಇಷ್ಟು ನೇರವಾಗಿ ಮಾತಾಡುವ ಪುಸ್ತಕ ನಮ್ಮ ಕಪಾಟುಗಳಲ್ಲಿ ಹುಡುಕಬೇಕಿತ್ತು. ಒತ್ತಾಯದ ಮದುವೆಯಲ್ಲಿ ಎರಡು ಜೀವ ಕೆಡುತ್ತವೆ. ಇಷ್ಟವಿಲ್ಲದೆ ತಾಳಿ ಕಟ್ಟಿದವನದು ಒಂದು, ಏನೂ ತಿಳಿಯದೆ ಕಟ್ಟಿಸಿಕೊಂಡವಳದು ಇನ್ನೊಂದು. ಮದುವೆ ಮಾಡಿಸಿದ ಹಿರಿಯರನ್ನು ಹಾದರದ ಯಾವ ಕಾನೂನೂ ಕೇಳುವುದಿಲ್ಲ.

ಇದಕ್ಕಿಂತ ದೊಡ್ಡ ಅಸಮತೆ ಇನ್ನೊಂದಿದೆ. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕು ಇಲ್ಲ ಎಂದಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಹಾಗಾಗಿ ಹತ್ತು ವರ್ಷ ಜೊತೆಗೆ ಬಾಳಿದ ಇಬ್ಬರು ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳಿಗೆ ಮೋಸ ಮಾಡಿದರೆ, ನೊಂದವಳಿಗೆ ಜೀವನಾಂಶವಿಲ್ಲ, ಕೌಟುಂಬಿಕ ನ್ಯಾಯಾಲಯವಿಲ್ಲ, ಕಾನೂನಿನ ಕಣ್ಣಿನಲ್ಲಿ ಅವಳು ಯಾರೂ ಅಲ್ಲ. ಹಾದರ ಮತ್ತೆ ಅಪರಾಧವಾದರೆ ಅದೇ ಹೆಂಗಸು ವಿವಾಹಿತೆಯೊಬ್ಬಳನ್ನು ಪ್ರೀತಿಸಿದ್ದಕ್ಕೆ ಆರೋಪಿಯಾಗಬಹುದು. ಕಟಕಟೆಯಲ್ಲಿ ನಿಲ್ಲಿಸುವಾಗ ಮಾತ್ರ ಕಾನೂನು ಅವಳನ್ನು ಗುರುತಿಸುತ್ತದೆ. ಇದನ್ನು ತಟಸ್ಥ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಂಡೋನೇಷ್ಯಾ ಈ ದಾರಿಯಲ್ಲಿ ಮುಂದೆ ಹೋಗಿದೆ. 2022ರ ಡಿಸೆಂಬರ್‌ನಲ್ಲಿ ಒಪ್ಪಿ 2026ರ ಜನವರಿಯಿಂದ ಜಾರಿಗೆ ತಂದ ಹೊಸ ದಂಡ ಸಂಹಿತೆಯಲ್ಲಿ ಮದುವೆಯ ಹೊರಗಿನ ಲೈಂಗಿಕ ಸಂಬಂಧಕ್ಕೆ ಒಂದು ವರ್ಷದವರೆಗೆ ಸಜೆ ಇದೆ. ಗಂಡ ಹೆಂಡತಿ, ಇಲ್ಲವೇ ಹೆತ್ತವರು, ಮಕ್ಕಳು ದೂರು ಕೊಡಬಹುದು. ಸಲಿಂಗಿಗಳನ್ನು ಆ ಕಲಂ ಹೆಸರಿಸಬೇಕಿಲ್ಲ. ಅವರಿಗೆ ಅಲ್ಲಿ ಮದುವೆಯೇ ಸಾಧ್ಯವಿಲ್ಲದ ಮೇಲೆ ಅವರ ಬದುಕೆಲ್ಲ ಮದುವೆಯ ಹೊರಗೇ ಇರುತ್ತದೆ. ತೈವಾನ್ ಇದಕ್ಕೆ ಎದುರು ದಿಕ್ಕಿಗೆ ನಡೆಯಿತು. 2019ರ ಮೇ ತಿಂಗಳಲ್ಲಿ ಸಲಿಂಗ ಮದುವೆ ಕಾನೂನಾಯಿತು, 2020ರ ಮೇ 29ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹಾದರದ ಶಿಕ್ಷೆಯನ್ನು ತೆಗೆಯಿತು. ಸುಮಾರು ಒಂದು ವರ್ಷದಲ್ಲಿ ಎರಡೂ.

ನೊಂದ ಗಂಡ ಹೆಂಡತಿಯರ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅವರ ಸಂಕಟವನ್ನು ಬದಿಗೆ ಸರಿಸಿ ಈ ವಾದ ಗೆದ್ದರೆ ಅದು ಗೆಲುವಲ್ಲ. ‘ಹಾಗಾದ್ರೆ ನಮಗೇನು ದಾರಿ?’ ಎಂದು ಅವರು ಕೇಳುತ್ತಾರೆ. ದಾರಿಗಳಿವೆ, ತಿಳಿಸಿ ಹೇಳುವವರಿಲ್ಲ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಪ್ರಕಾರ ಹಾದರ ಇವತ್ತಿಗೂ ವಿಚ್ಛೇದನಕ್ಕೆ ಕಾರಣ. ಗಂಡ ಹೆಂಡತಿ ಇಬ್ಬರಿಗೂ ಆ ಹಕ್ಕು ಸಮವಾಗಿದೆ. ಮಹತ್ವದ ಸಂಗತಿಯನ್ನು ಮುಚ್ಚಿಟ್ಟು ಮೋಸದಿಂದ ಮದುವೆಯಾಗಿದ್ದರೆ 12ನೇ ಕಲಂ ಅಡಿ ಮದುವೆಯನ್ನೇ ರದ್ದು ಮಾಡಿಸಬಹುದು, ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಬ್ಬರೂ ಒಪ್ಪಿದರೆ ವಿಚ್ಛೇದನಕ್ಕಿರುವ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾನಸಿಕ ಹಿಂಸೆಗೆ ಪರಿಹಾರ ಕೇಳಲು ಹೆಂಡತಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯದಲ್ಲಿ ದಿನಾ ಬೆಳಿಗ್ಗೆ ಕಾಯುವ ಮುಖಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕೊರತೆ ಇರುವುದು ಕಲಮುಗಳದ್ದಲ್ಲ, ಕಾಲದ್ದು. ಪೀಣ್ಯದ ಗಾರ್ಮೆಂಟ್ಸ್ ಹೆಂಗಸು ಒಂದು ವಾಯಿದೆಗೆ ಬರಬೇಕೆಂದರೆ ಒಂದು ದಿನದ ಸಂಬಳ ಹೋಗುತ್ತದೆ. ಹಾದರದ ಮೇಲೆ ಸಿಟ್ಟಿರುವ ಸಂಸದರು ಇನ್ನಷ್ಟು ಕೌಟುಂಬಿಕ ನ್ಯಾಯಾಲಯಗಳನ್ನು, ಅವುಗಳಲ್ಲಿ ಒಂದನ್ನಾದರೂ ತುಮಕೂರು ರಸ್ತೆಯ ಬದಿಗೆ, ತರಲಿ. ನೊಂದವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನೊಂದು ಅಪಾಯ ಈಗಾಗಲೇ ಒಳಗೆ ಬಂದು ಕೂತಿದೆ. ಅದೇ ಸ್ಥಾಯಿ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು, ಅದು ಸರಿಯಾದ ಮಾತು: ಒಪ್ಪಿಗೆ ಇಲ್ಲದ ಕೃತ್ಯಕ್ಕೆ 377 ಉಳಿದಿತ್ತಲ್ಲ, ಆ ಭಾಗವನ್ನು ಹೊಸ ಸಂಹಿತೆಗೂ ತನ್ನಿ ಎಂದು. ಸರ್ಕಾರ ಅದನ್ನೂ ಬಿಟ್ಟಿತು. ಪರಿಣಾಮ ನಮ್ಮ ಪಕ್ಕದಲ್ಲೇ ಇದೆ. ಪೀಣ್ಯದ ವರ್ಕ್‌ಶಾಪಿನಲ್ಲಿ 17ರ ಹುಡುಗನ ಮೇಲೆ ಯಾರಾದರೂ ಅತ್ಯಾಚಾರ ಮಾಡಿದರೆ ಪೋಕ್ಸೊ ಇದೆ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದ 19ರ ಹುಡುಗನಿಗೆ ಅದೇ ಆದರೆ 2024ರ ಜುಲೈ 1ರ ನಂತರ ಅತ್ಯಾಚಾರ ಎಂದು ಕರೆಯುವ ಕಲಮೇ ಇಲ್ಲ. ಹಲ್ಲೆ, ಗಾಯ, ಅಕ್ರಮ ಬಂಧನ ಎಂದೆಲ್ಲ ಬರೆದುಕೊಳ್ಳಬೇಕು. ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯ್ದೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ. ಗಂಡನ ಬಲವಂತಕ್ಕೆ ಸಿಕ್ಕ ಹೆಂಡತಿಯರಿಗೂ ಅಷ್ಟೋ ಇಷ್ಟೋ ಆಸರೆಯಾಗಿದ್ದ ಕಲಂ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಹೊಸ ಅಪರಾಧ ರಚಿಸುವುದು ಸಂಸತ್ತಿನ ಕೆಲಸ ಎಂದಿತು.

ಈ ಖಾಲಿ ಜಾಗ ತುಂಬಲೇಬೇಕು. ತುಂಬುವ ಬಗೆಯ ಬಗ್ಗೆಯೇ ನನಗೆ ದಿಗಿಲು. ಎಲ್ಲಾದರೂ ಒಬ್ಬ ಯುವಕನಿಗೆ ಘೋರ ಅನ್ಯಾಯವಾಗುತ್ತದೆ, ‘377 ವಾಪಸು ತನ್ನಿ’ ಎಂಬ ಕೂಗು ಏಳುತ್ತದೆ, ಅವಸರದಲ್ಲಿ ಹಳೆಯ ಕಲಮನ್ನೇ ಅದರ ‘ಪ್ರಕೃತಿ ವಿರುದ್ಧ’ ಎಂಬ ಪದದ ಸಮೇತ ತಂದು ಕೂರಿಸುತ್ತಾರೆ. ಬೇಕಾದದ್ದು ಅದಲ್ಲ. ಅತ್ಯಾಚಾರದ ಕಲಮಿನಲ್ಲೇ ನೊಂದವರು ಯಾವ ಲಿಂಗದವರಾದರೂ ಆಗಿರಬಹುದು ಎಂದು ಬರೆಯಬೇಕು, ಒಪ್ಪಿಗೆ ಇತ್ತೇ ಇಲ್ಲವೇ ಎಂಬುದೊಂದೇ ಅಳತೆಯಾಗಬೇಕು. 2000ದಲ್ಲೇ ಕಾನೂನು ಆಯೋಗ ತನ್ನ 172ನೇ ವರದಿಯಲ್ಲಿ ಹೆಚ್ಚುಕಡಿಮೆ ಈ ದಾರಿ ತೋರಿಸಿತ್ತು, 377ನ್ನು ತೆಗೆಯಿರಿ ಎಂದೂ ಹೇಳಿತ್ತು.

ಕ್ಯಾಮೆರಾ ವಿಷಯವನ್ನೂ ಹೇಳದೆ ಮುಗಿಸಲಾರೆ. 2014ರಲ್ಲಿ ಗುಪ್ತ ಕ್ಯಾಮೆರಾ ಸುದ್ದಿಯಾಗುವಷ್ಟು ಅಪರೂಪವಾಗಿತ್ತು. ಈಗ ಎಸ್. ಪಿ. ರಸ್ತೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಕ್ಯಾಮೆರಾ ಯಾರಿಗಾದರೂ ಸಿಗುತ್ತದೆ. ಹೆಂಡತಿಯ ಹಾದರ ಸಾಬೀತು ಮಾಡಲು ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ದಾಖಲೆ ಬೇಕೆಂದು ಗಂಡನೊಬ್ಬ ಕೇಳಿದಾಗ, 2022ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದಕ್ಕೆ ಅವಕಾಶ ಕೊಡಲಿಲ್ಲ; ಆ ವ್ಯಕ್ತಿಗೂ ಖಾಸಗಿತನ ಇದೆ ಎಂದರು. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗಂಡ ಅಥವಾ ಹೆಂಡತಿ ಗುಟ್ಟಾಗಿ ಮಾಡಿಕೊಂಡ ಫೋನ್ ರೆಕಾರ್ಡಿಂಗನ್ನು ವಿಚ್ಛೇದನದ ಪ್ರಕರಣದಲ್ಲಿ ಸಾಕ್ಷ್ಯವಾಗಿ ಒಪ್ಪಬಹುದು ಎಂದಿತು. ವಿಚ್ಛೇದನದ ಮಟ್ಟಿಗೆ ಅದಕ್ಕೆ ಕಾರಣಗಳಿರಬಹುದು. ಇವತ್ತು ಅಂಥ ರೆಕಾರ್ಡಿಂಗ್ ಒಂದು ಮದುವೆಯನ್ನು ಮುಗಿಸುತ್ತದೆ. ಹಾದರ ಅಪರಾಧವಾದ ಮರುದಿನ ಅದೇ ರೆಕಾರ್ಡಿಂಗ್ ಒಬ್ಬರನ್ನು ಜೈಲಿಗೆ ಕಳಿಸುತ್ತದೆ, ಅಥವಾ ‘ಠಾಣೆಗೆ ಕೊಡ್ತೀನಿ’ ಎಂದು ಹೆದರಿಸಿ ದುಡ್ಡು ಕೀಳುವವರ ಕೈ ಸೇರುತ್ತದೆ. 377 ಇದ್ದಾಗ ಬೆಂಗಳೂರಿನಲ್ಲಿ ಈ ಸುಲಿಗೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಪಿಯುಸಿಎಲ್ ಕರ್ನಾಟಕ ಘಟಕ 2001ರಲ್ಲೇ ವರದಿ ಮಾಡಿದೆ. ಶಿಕ್ಷೆಯಾದವರಿಗಿಂತ ಸುಲಿಗೆಗೆ ಸಿಕ್ಕವರೇ ಹೆಚ್ಚು.

ಇದನ್ನೆಲ್ಲ ನಾಗಸಂದ್ರದಲ್ಲಿ ಕೂತು ಬರೆಯಲು ಕಾರಣವಿದೆ. 2015ರ ಮೇ 1ರಂದು ಮೆಟ್ರೋ ಹಸಿರು ಮಾರ್ಗದ ಕೊನೆಯ ನಿಲ್ದಾಣವಾದ ಊರು ಇದು. 2024ರ ನವೆಂಬರ್‌ನಲ್ಲಿ ರೈಲು ಮಾದಾವರದ ತನಕ ಹೋಯಿತು. ಒಂದು ಕಡೆ ಐಕಿಯಾದ ನೀಲಿ ಗೋಡೆ, ಇನ್ನೊಂದು ಕಡೆ ಬಾಗಲಗುಂಟೆಯ ಒಳಗಲ್ಲಿಗಳಲ್ಲಿ ಶೀಟ್ ಮನೆಗಳು, ಪಿ.ಜಿ.ಗಳು. ರಾಯಚೂರು, ಕೊಪ್ಪಳ, ಯಾದಗಿರಿಯಿಂದ ಬಂದವರು, ಒಡಿಶಾ, ಅಸ್ಸಾಮಿನಿಂದ ಬಂದವರು ಒಂದೇ ನಲ್ಲಿಯ ನೀರು ಹಿಡಿಯುತ್ತಾರೆ. ಗಂಡ ಊರಲ್ಲಿ, ಹೆಂಡತಿ ಇಲ್ಲಿ; ಹೆಂಡತಿ ಊರಲ್ಲಿ, ಗಂಡ ಇಲ್ಲಿ ನೈಟ್ ಶಿಫ್ಟಿನಲ್ಲಿ. ಹೀಗೆ ಸಂಸಾರಗಳು ಎರಡು ಊರಿಗೆ ಹಂಚಿಹೋದ ಕಡೆ ಅನುಮಾನಕ್ಕೆ ಬೀಜ ಬೇಕಿಲ್ಲ. ಹಾದರದ ದೂರು ಎಂಬ ಕಲಂ ಇಲ್ಲಿನ ಠಾಣೆಗಳಿಗೆ ಬಂದರೆ ಎಷ್ಟು ಸಾಲು ನಿಲ್ಲುತ್ತದೆ ಎಂದು ಯೋಚಿಸಿ.

ಮನೆ ಬಾಡಿಗೆಗೆ ಹುಡುಕುವವರನ್ನು ಇಲ್ಲಿ ಮೊದಲು ಕೇಳುವುದು ‘ಫ್ಯಾಮಿಲಿನಾ?’ ಎಂದು. ಗಂಡು ಹೆಣ್ಣು ಜೊತೆಗೆ ಹೋದರೆ ಮದುವೆಯ ಫೋಟೊ ತೋರಿಸಬೇಕಾಗುತ್ತದೆ. ಇಬ್ಬರು ಹುಡುಗರು ಹೋದರೆ ‘ಬ್ಯಾಚುಲರ್ಸ್’, ಇಬ್ಬರು ಹುಡುಗಿಯರು ಹೋದರೆ ‘ಗಾರ್ಮೆಂಟ್ಸ್‌ಗೆ ಹೋಗೋರು’. ಅಡ್ವಾನ್ಸ್ ಕೊಟ್ಟರೆ ಮುಗಿಯಿತು. ಆ ಕೋಣೆಗಳಲ್ಲಿ ಕೆಲವು ಜೋಡಿಗಳು ಅಕ್ಕಪಕ್ಕದವರ ಕಣ್ಣಿಗೆ ರೂಮ್‌ಮೇಟುಗಳಾಗಿ ಬಾಳುತ್ತಿದ್ದಾರೆ. ಅವರಲ್ಲಿ ಯಾರಿಗಾದರೂ ಊರಿನಲ್ಲಿ ಮದುವೆ ಮಾಡಿಸಿಬಿಟ್ಟಿದ್ದರೆ, ಅವರನ್ನು ಇವತ್ತು ಕಾಯುತ್ತಿರುವುದು ಈಗಿನ ಸಂಹಿತೆಯಲ್ಲಿ ಹಾದರದ ಕಲಂ ಇಲ್ಲ ಎಂಬ ಒಂದೇ ಸಂಗತಿ.

ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ತಿದ್ದುಪಡಿ ದಿಲ್ಲಿಯಿಂದಲೂ ಬರಬಹುದು, ವಿಧಾನಸೌಧದಿಂದಲೂ ಬರಬಹುದು. ಬೆಂಗಳೂರು ಉತ್ತರದ ಸಂಸದರನ್ನು, ದಾಸರಹಳ್ಳಿಯ ಶಾಸಕರನ್ನು ನಾವು ಈಗಲೇ ಕೇಳಿಡಬೇಕು. ಹಾದರದ ಮಸೂದೆ ಮುಂದೆ ಬಂದರೆ ನಿಮ್ಮ ನಿಲುವೇನು? ಅದರಲ್ಲಿ ‘ಯಾವುದೇ ವ್ಯಕ್ತಿ’ ಎಂದಿದ್ದರೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಅದರೊಳಗೆ ಬರುತ್ತಾರೆಯೇ? 19ರ ಆ ಅಪ್ರೆಂಟಿಸ್ ಹುಡುಗನಿಗೆ ಯಾವ ಕಲಂ ಕೊಡುತ್ತೀರಿ? ಮೂರಕ್ಕೂ ಉತ್ತರ ಬಾಯಿಮಾತಿನಲ್ಲಿ ಸಾಲದು, ಬರಹದಲ್ಲಿ ಬೇಕು.